34 ಎಲ್ಲಿ, 26 ಎಲ್ಲಿ: ನ್ಯೂಯಾರ್ಕ್ ನಗರದ 'ಹೋಂ ರೂಲ್ ಮೆಸೇಜ್' ಬಗ್ಗೆ ನನ್ನ ಟಿಪ್ಪಣಿ

ಸ್ಥಳೀಯ ಆಡಳಿತದ ಪೇಪರ್‌ನಲ್ಲಿ ಎರಡು ದಿನ ತಲೆ ತಿಂದ ಪಾಠ ಇದು. ಹೋಂ ರೂಲ್ ಮೆಸೇಜ್ ಅಂದರೆ "ನಮಗೆ ಈ ಕಾನೂನು ಮಾಡಿಕೊಡಿ" ಎಂದು ನಗರ ರಾಜ್ಯಕ್ಕೆ ಕಳಿಸುವ ಅಧಿಕೃತ ಕೋರಿಕೆ. ನಿನ್ನೆ ರಾತ್ರಿ ಹೇಗೋ ಹೊಳೆಯಿತು. ಮರೆಯುವ ಮುಂಚೆ ಬರೆದಿಡುತ್ತಿದ್ದೇನೆ.

ಹಿನ್ನೆಲೆ ಬೇಗ ಮುಗಿಸುತ್ತೇನೆ. ನ್ಯೂಯಾರ್ಕ್ ಸಿಟಿ ಕೌನ್ಸಿಲ್‌ನಲ್ಲಿ 51 ಸದಸ್ಯರು. ರಾಜ್ಯದ ಶಾಸಕಾಂಗ ಇರುವುದು ಆಲ್ಬನಿಯಲ್ಲಿ: ಸೆನೆಟ್ 63, ಅಸೆಂಬ್ಲಿ 150. ನಗರ ಎಷ್ಟೇ ದೊಡ್ಡದಾದರೂ ವೇಗ ಹಿಡಿಯುವ ಕ್ಯಾಮೆರಾ ಹಾಕಬೇಕೆಂದರೆ ಆಲ್ಬನಿ ಹೂಂ ಅನ್ನಬೇಕು. ಮನೆ ಬಾಡಿಗೆ ನಿಯಂತ್ರಣವನ್ನು ರಾಜ್ಯದ ಕಾನೂನಿಗಿಂತ ಬಿಗಿ ಮಾಡುವಂತಿಲ್ಲ, 1971ರ ಅರ್‌ಸ್ಟಾಟ್ ಕಾಯ್ದೆ ಆ ಬಾಗಿಲು ಮುಚ್ಚಿದೆ. ಪ್ರತಿ ವರ್ಷ ರಾಜ್ಯ ಬಜೆಟ್‌ಗೆ ಮುಂಚೆ ಮೇಯರ್ ಆಲ್ಬನಿಗೆ ಹೋಗಿ ಅಹವಾಲು ಹೇಳಿಕೊಳ್ಳುವ ದಿನಕ್ಕೆ 'ಟಿನ್ ಕಪ್ ಡೇ' ಅಂತಲೇ ಹೆಸರು. ತಗಡಿನ ಬಟ್ಟಲು ಹಿಡಿದು ಬೇಡುವ ದಿನ!

ಕೌನ್ಸಿಲ್ ಕಡೆಯಿಂದ ಈ ವ್ಯವಹಾರ ನೋಡಿಕೊಳ್ಳುವುದು 'ರಾಜ್ಯ ಮತ್ತು ಫೆಡರಲ್ ಶಾಸನ ಸಮಿತಿ'. ನಾನು ಮೊದಲು ಎಡವಿದ್ದು ಇಲ್ಲೇ. ಕೌನ್ಸಿಲ್‌ನಿಂದ ಆಲ್ಬನಿಗೆ ಎರಡು ಜಾತಿಯ ಕಾಗದ ಹೋಗುತ್ತವೆ. "ರಾಜ್ಯ ಈ ಕಾನೂನು ಮಾಡಲಿ" ಎನ್ನುವ ನಿರ್ಣಯ ಒಂದು. ಅದು ಬರೀ ಅಭಿಪ್ರಾಯ. ಆಲ್ಬನಿ ಓದದೆ ಪಕ್ಕಕ್ಕಿಟ್ಟರೂ ಯಾರೂ ಕೇಳುವಂತಿಲ್ಲ. ಇನ್ನೊಂದು ಹೋಂ ರೂಲ್ ಮೆಸೇಜ್. ಇದು ಬೀಗದ ಕೈ. ನಗರದ "ಆಸ್ತಿ, ವ್ಯವಹಾರ ಅಥವಾ ಆಡಳಿತ"ವನ್ನು ಮುಟ್ಟುವ, ಎಲ್ಲ ಊರಿಗೂ ಅನ್ವಯಿಸದೆ ಒಂದು ನಗರಕ್ಕಷ್ಟೇ ಹೊಲಿದ ವಿಶೇಷ ಕಾನೂನನ್ನು ಆ ನಗರ ಕೇಳದೆ ರಾಜ್ಯ ಮಾಡುವಂತಿಲ್ಲ. ರಾಜ್ಯ ಸಂವಿಧಾನದ 9ನೇ ವಿಧಿಯ ಮಾತು ಇದು.

ಕೇಳಲು ದಾರಿ ಎರಡು. ಕೌನ್ಸಿಲ್ ತಾನೇ ಕೇಳಿದರೆ ಮೂರನೇ ಎರಡರಷ್ಟು ಮತ ಬೇಕು. ಮೇಯರ್ ಕೇಳಿ ಕೌನ್ಸಿಲ್ ಒಪ್ಪಿದರೆ ಬಹುಮತ ಸಾಕು.

ಯಾವುದರ ಮೂರನೇ ಎರಡು? ಅಣಕು ಪರೀಕ್ಷೆಯಲ್ಲಿ ನಾನು "ಹಾಜರಿದ್ದವರಲ್ಲಿ" ಎಂದು ಬರೆದು ಸೊನ್ನೆ ತಗೊಂಡೆ. ಹಾಜರಿ ಲೆಕ್ಕಕ್ಕೇ ಇಲ್ಲ. ಒಟ್ಟು ಸದಸ್ಯಬಲದ ಮೇಲೆ ಎಣಿಸಬೇಕು. 51ರಲ್ಲಿ ಮೂರನೇ ಎರಡು ಅಂದರೆ 34, ಬಹುಮತ ಅಂದರೆ 26. ಈಗ ಸಭೆಗೆ 40 ಜನ ಬಂದಿದ್ದಾರೆ, 30 ಜನ ಕೈ ಎತ್ತಿದ್ದಾರೆ ಅಂದುಕೊಳ್ಳಿ. ಹಾಜರಿದ್ದವರ ಮೂರನೇ ಎರಡು 27 ಅಂತ ಲೆಕ್ಕ ಹಾಕಿ ಪಾಸ್ ಅಂದರೆ ತಪ್ಪು. ಮೇಯರ್ ಜೊತೆಗಿಲ್ಲದಿದ್ದರೆ 30 ಸಾಲದು, ಬಿದ್ದುಹೋಯಿತು. ಮೇಯರ್ ಕೇಳಿಕೊಂಡಿದ್ದರೆ ಅದೇ 30 ಸಾಕು, ಗೆದ್ದಿತು. ಮನೆಗೆ ಹೋದ 11 ಜನ ಬೇಡ ಅಂದವರಷ್ಟೇ ಕೆಲಸ ಮಾಡಿದ್ದಾರೆ. ನನ್ನ ಗುರುತು: ಒಂಟಿ 34, ಜೋಡಿ 26.

ಇನ್ನೊಂದು ಬೇರೆ ಊರುಗಳಿಗಷ್ಟೇ ಇರುವ ಕಳ್ಳದಾರಿ: ಗವರ್ನರ್ ತುರ್ತು ಎಂದು ಪ್ರಮಾಣಪತ್ರ ಕೊಟ್ಟು, ಎರಡೂ ಸದನಗಳಲ್ಲಿ ಮೂರನೇ ಎರಡು ಬಂದರೆ ಊರನ್ನು ಕೇಳುವ ಗೊಡವೆಯಿಲ್ಲ. ನ್ಯೂಯಾರ್ಕ್ ನಗರವನ್ನು ಸಂವಿಧಾನವೇ ಇದರಿಂದ ಹೊರಗಿಟ್ಟಿದೆ.

ಹಾಗಾದರೆ ನಗರದ ಕೈ ಮೇಲೆಯೇ? ಅಷ್ಟು ಬೇಗ ಬೇಡ. 1929ರ 'ಆಡ್ಲರ್ ವರ್ಸಸ್ ಡೀಗನ್' ಪ್ರಕರಣ ಓದಿ. ವಠಾರದಂಥ ಮನೆಗಳ ಕಾಯ್ದೆಯನ್ನು 8 ಲಕ್ಷಕ್ಕಿಂತ ಹೆಚ್ಚು ಜನರಿರುವ ನಗರಗಳಿಗೆ ಎಂದು ಬರೆದಿದ್ದರು. ಅಂಥ ನಗರ ಇದ್ದದ್ದು ಒಂದೇ. ಆದರೂ ಜನರ ಆರೋಗ್ಯ ಇಡೀ ರಾಜ್ಯದ ಕಾಳಜಿ ಎಂದು ಕೋರ್ಟ್ ಕಾಯ್ದೆ ಉಳಿಸಿತು. ವಿಷಯದಲ್ಲಿ ರಾಜ್ಯದ ಕಾಳಜಿ ಗಣನೀಯವಾಗಿದ್ದರೆ ಸಾಕು, ಸ್ಥಳೀಯ ಹಿತ ಅದರಲ್ಲಿ ಬೆರೆತಿದ್ದರೂ ರಾಜ್ಯ ಕೈಹಾಕಬಹುದು ಎಂದರು ನ್ಯಾಯಮೂರ್ತಿ ಕಾರ್ಡೋಜೋ. ಅಂದರೆ ಅಂಥ ವಿಷಯಕ್ಕೆ ನಗರದ ಮೆಸೇಜ್ ಬೇಕಿಲ್ಲ. ಆ ಬಾಗಿಲು ಎಷ್ಟು ಅಗಲ ಅನ್ನುವ ಜಗಳ ಇನ್ನೂ ಮುಗಿದಿಲ್ಲ, ನನಗಂತೂ ಬೇಕಾದ್ದಕ್ಕಿಂತ ಅಗಲವೇ ಅನಿಸುತ್ತದೆ.

ಸಮಿತಿಯ ದಿನದ ಕೆಲಸ ಇಷ್ಟು ರೋಚಕವಲ್ಲ. ನಗರ ನೌಕರರ ಪಿಂಚಣಿ, ಪಾರ್ಕ್ ಜಾಗವನ್ನು ಬೇರೆ ಉಪಯೋಗಕ್ಕೆ ಬಿಡುವುದು, ಇಂಥವೇ ಬಹಳ. ಸಮಿತಿಯಲ್ಲಿ ಮತ ಹಾಕಿ ಸಾಮಾನ್ಯವಾಗಿ ಅದೇ ದಿನ ಪೂರ್ಣ ಸಭೆಗೆ ಒಯ್ಯುತ್ತಾರೆ. ಆತುರ ಯಾಕೆಂದರೆ ಆಲ್ಬನಿಯ ಅಧಿವೇಶನ ಜೂನ್ ಹೊತ್ತಿಗೆ ಮುಗಿಯುತ್ತದೆ. 2022ರಲ್ಲಿ ವೇಗ ಹಿಡಿಯುವ ಕ್ಯಾಮೆರಾಗಳನ್ನು ದಿನದ 24 ಗಂಟೆಯೂ ಓಡಿಸುವ ಮಸೂದೆಗೆ ಕೌನ್ಸಿಲ್ ಮೆಸೇಜ್ ಕೊಟ್ಟಿದ್ದು ಮೇ 26ರಂದು. ಆಗಸ್ಟ್ 1ಕ್ಕೆ ಜಾರಿಯೂ ಆಯಿತು.

ಕೊನೆಗೆ ಒಂದು ಚಿಲ್ಲರೆ ವಿಷಯ. ಮೆಸೇಜ್‌ನಲ್ಲಿ ಮಸೂದೆಯ ಸಂಖ್ಯೆ ಎರಡು ಇರುತ್ತದೆ, ಸೆನೆಟ್‌ಗೆ ಎಸ್, ಅಸೆಂಬ್ಲಿಗೆ ಎ. ಸಂಖ್ಯೆಯ ಕೊನೆಗೆ ಅಂಟಿದ ಅಕ್ಷರದ ಬಾಲ ನೋಡುವುದನ್ನು ಮರೆಯಬೇಡಿ. ಆಲ್ಬನಿಯಲ್ಲಿ ಮಸೂದೆ ತಿದ್ದಿದರೆ ಬಾಲ 'ಎ'ಯಿಂದ 'ಬಿ'ಗೆ ಬದಲಾಗುತ್ತದೆ, ಹಳೆ ಬಾಲದ ಮೆಸೇಜ್ ಅದಕ್ಕೆ ಹೊಂದುವುದಿಲ್ಲ. ಮತ್ತೆ ಸಮಿತಿ, ಮತ್ತೆ ಸಭೆ, ಮತ್ತೆ 34 ತಲೆ ಎಣಿಸಬೇಕು, ಅಥವಾ ಮೇಯರ್ ಕದ ತಟ್ಟಬೇಕು.