ಕೈಬಿಟ್ಟ ಕೊಳವೆಬಾವಿ

ಗ್ರಾಮ ಪಂಚಾಯಿತಿಗಳೊಡನೆ ಕೆಲಸ ಮಾಡುವ ಅಭಿವೃದ್ಧಿ ಕಾರ್ಯಕ್ರಮಗಳ ಪರಿಶೀಲನೆಗೆ ಹೋದಾಗಲೆಲ್ಲ ನನ್ನ ಮುಂದೆ ಮೊದಲು ಬರುವುದು ಸಭೆಗಳ ಲೆಕ್ಕ: ಇಷ್ಟು ವಾರ್ಡ್ ಸಭೆ, ಇಷ್ಟು ಗ್ರಾಮ ಸಭೆ, ಇಷ್ಟು ಸಹಿ, ಇಷ್ಟು ಹೆಬ್ಬೆಟ್ಟು. ಆ ಸಭೆಗಳಿಂದಾಗಿ ಕ್ರಿಯಾ ಯೋಜನೆಯ ಯಾವ ಸಾಲು ಬದಲಾಯಿತು ಎಂದು ಕೇಳಿದರೆ, ‘ಏನೂ ಬದಲಾಗಿಲ್ಲ ಸಾರ್, ಎಲ್ಲರೂ ಒಪ್ಪಿದರು’ ಎಂಬ ಉತ್ತರ ಹೆಮ್ಮೆಯಿಂದ ಬರುತ್ತದೆ. ಆ ಹೆಮ್ಮೆಯೇ ನನಗೆ ತಲೆನೋವು.

ಬಯಲುಸೀಮೆಯ ಒಂದು ಪಂಚಾಯಿತಿಯಲ್ಲಿ, ಊರ ತುದಿಯ ಕಾಲೊನಿಗೆ ನೀರು ಸಾಲದೆಂದು ಹೊಸ ಕೊಳವೆಬಾವಿಯೊಂದನ್ನು ಯೋಜನೆಗೆ ಸೇರಿಸಿದ್ದರು. ಅರ್ಧ ವರ್ಷದ ಪರಿಶೀಲನೆಯ ದಿನ, ಪಂಪ್‌ಹೌಸಿನ ಬೀಗದ ಕೈ ಕೊಡಲು ಬಂದು ಬಾಗಿಲಲ್ಲೇ ನಿಂತಿದ್ದ ನೀರಗಂಟಿಯನ್ನು ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಒಳಗೆ ಕರೆದು ಕೂರಿಸಿದರು. ಟ್ಯಾಂಕಿನಲ್ಲಿ ನೀರಿದೆ, ಮೇಲಿನ ಬೀದಿಯವರು ನಲ್ಲಿಗೇ ಮೋಟಾರು ಹಚ್ಚುವುದರಿಂದ ಅದು ಕೆಳಗೆ ಇಳಿಯುತ್ತಿಲ್ಲ, ಎರಡು ಕಡೆ ಗೇಟ್‌ವಾಲ್ವ್ ಕೂರಿಸಿ ಕಾಲೊನಿಗೆ ಮೊದಲು ಬಿಟ್ಟರೆ ಸಾಕು ಎಂದು ಆತ ಹೇಳಿದ. ಹಾಗೆಯೇ ಮಾಡಿ ಕೊಳವೆಬಾವಿಯನ್ನು ಕೈಬಿಟ್ಟರು. ಬೇಸಿಗೆಯಲ್ಲಿ ಮೇಲಿನ ಬೀದಿಯವರು ತಕರಾರು ತೆಗೆದಾಗ ದಿನ ಬಿಟ್ಟು ದಿನ ಸರದಿ ಮಾಡಿದರು. ವಾರ್ಡಿನ ಸದಸ್ಯರಿಗೆ ಇದು ಸುಲಭವಾಗಿರಲಿಲ್ಲ, ಏಕೆಂದರೆ ಕೊಳವೆಬಾವಿ ಕಣ್ಣಿಗೆ ಕಾಣುತ್ತದೆ, ವಾಲ್ವ್ ಮಣ್ಣಿನಡಿ ಇರುತ್ತದೆ. (1983ರ ಪಂಚಾಯತ್ ಕಾಯ್ದೆಯ ಮೂಲಕ ಅಧಿಕಾರ ವಿಕೇಂದ್ರೀಕರಣಕ್ಕೆ ದುಡಿದ ಅಂದಿನ ಸಚಿವ ನಜೀರ್ ಸಾಬ್ ಅವರನ್ನೂ ನಮ್ಮ ಜನ ಕೊಳವೆಬಾವಿಗಳಿಗಾಗಿ ‘ನೀರ್‌ಸಾಬ್’ ಎಂದೇ ನೆನೆಯುತ್ತಾರೆ.) ವರ್ಷಾಂತ್ಯದ ವರದಿಯಲ್ಲಿ ಕಾರ್ಯಕ್ರಮದ ಅಧಿಕಾರಿಗಳು ಬರೆದದ್ದು ಇಷ್ಟೇ: ‘ಕೊಳವೆಬಾವಿ: ಗುರಿ 1, ಸಾಧನೆ 0.’

ಒಪ್ಪಿಗೆ ಪಡೆಯುವುದು ಬೇರೆ, ಜೊತೆಗೂಡಿ ಕೆಲಸ ಮಾಡುವುದು ಬೇರೆ ಎಂದು ಎಷ್ಟು ಬಾರಿ ಹೇಳಿದರೂ ಸಾಲುತ್ತಿಲ್ಲ. ಯೋಜನೆಯನ್ನು ತಿದ್ದಬಲ್ಲ ತಿಳಿವಳಿಕೆ ಇರುವವರನ್ನು, ತಿದ್ದಲು ಇನ್ನೂ ಅವಕಾಶವಿರುವಾಗಲೇ ಕೂರಿಸಿಕೊಳ್ಳಬೇಕು. ಮೊದಲು ಏನೆಂದುಕೊಂಡಿದ್ದೆವು, ಕಂಡದ್ದೇನು, ಅದರಿಂದ ಏನನ್ನು ಬದಲಿಸಿದೆವು, ಮತ್ತೆ ಯಾವಾಗ ನೋಡುತ್ತೇವೆ ಎಂಬುದನ್ನು ನಡಾವಳಿಯಲ್ಲಿ ಬರೆಯಬೇಕು. ಹೀಗೆ ಕಾರಣಸಹಿತ ಬರೆದ ಬದಲಾವಣೆ ವೈಫಲ್ಯವಲ್ಲ. ಹಾಗೆಂದು ಇದು ಹಣವನ್ನು ಬೇಕಾದಲ್ಲಿಗೆ ತಿರುಗಿಸಲು ಪರವಾನಗಿಯೂ ಅಲ್ಲ: ಕೇಂದ್ರದ 15ನೇ ಹಣಕಾಸು ಆಯೋಗದ ಅನುದಾನದಲ್ಲಿ 2021-22ರಿಂದ 2025-26ರವರೆಗೆ ಶೇ 60 ಭಾಗ ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಮೀಸಲಾಗಿದ್ದು, ಅದನ್ನು ರಸ್ತೆಗೆ ಸುರಿಯುವಂತಿರಲಿಲ್ಲ. ಅನುಮೋದನೆಯ ಕ್ರಮ ಪ್ರಕರಣದಿಂದ ಪ್ರಕರಣಕ್ಕೆ ಬೇರೆಯಾಗಬಹುದಾದ್ದರಿಂದ ತಾಲ್ಲೂಕು ಪಂಚಾಯಿತಿಯನ್ನು ಮೊದಲೇ ಕೇಳಿಕೊಳ್ಳುವುದು ಕ್ಷೇಮ.

ಜಲ ಜೀವನ್ ಮಿಷನ್ ಮಾರ್ಗಸೂಚಿಯಂತೆ ಗ್ರಾಮದ ನೀರು ಮತ್ತು ನೈರ್ಮಲ್ಯ ಸಮಿತಿಯಲ್ಲಿ ಅರ್ಧದಷ್ಟು ಮಹಿಳೆಯರಿರಬೇಕು. ಆದರೆ ನೀರು ಬಿಡುವ ಹೊತ್ತಿಗೇ ಸಭೆ ಕರೆದು, ‘ಮಹಿಳೆಯರು ಗೈರು’ ಎಂದು ಬರೆದುಕೊಳ್ಳುವವರನ್ನು ಕಂಡಿದ್ದೇನೆ. ಮೇಲೆ ಹೇಳಿದ ಪಂಚಾಯಿತಿ ಸಭೆಯನ್ನು ಸಂಜೆಗೆ, ಕಾಲೊನಿಯ ಗುಡಿಯ ಕಟ್ಟೆಗೆ ವರ್ಗಾಯಿಸಿತು. ಅಲ್ಲಿ ಹೆಂಗಸರು ಕೇಳಿದ ಮೊದಲ ಪ್ರಶ್ನೆ, ನೀರಗಂಟಿ ರಜೆ ಹಾಕಿದ ದಿನ ವಾಲ್ವ್ ತಿರುಗಿಸುವವರು ಯಾರು ಎಂಬುದು. ಅದಕ್ಕಿನ್ನೂ ಉತ್ತರ ಸಿಕ್ಕಿಲ್ಲ. ಮುಂದಿನ ಸಭೆಯ ವಿಷಯಪಟ್ಟಿಯಲ್ಲಿ ಅದೇ ಮೊದಲನೆಯದು.