ದೋರ್ನಕಲ್ ಬಿಷಪ್ ಮತ್ತು ಸಿಎಸ್‌ಐ ಹುಟ್ಟಿದ ಕಥೆ

ಸಿಎಸ್‌ಐ ಚರ್ಚು, ಅಂದರೆ ಚರ್ಚ್ ಆಫ್ ಸೌತ್ ಇಂಡಿಯಾ, ನಮ್ಮ ಊರುಗಳಲ್ಲೂ ಇದೆ. ಮೈಸೂರು ಸೀಮೆಯ ವೆಸ್ಲಿಯನ್ (ಮೆಥಡಿಸ್ಟ್ ಪಂಗಡದ) ಚರ್ಚುಗಳು ಸೇರಿಕೊಂಡದ್ದು ಆ ಚರ್ಚಿಗೇ. ಆದರೆ ಬೇರೆ ಬೇರೆ ಪಂಗಡಗಳು ಒಂದಾದದ್ದು ಹೇಗೆ, ಅದಕ್ಕೆ ಅಷ್ಟು ವರ್ಷ ಯಾಕೆ ಬೇಕಾಯಿತು ಅಂತ ಕೇಳಿದರೆ ವಿಷಯ ಗೋಜಲು. ಮುಂದೆ ದೋರ್ನಕಲ್ ಬಿಷಪ್ ಆದ ವಿ.ಎಸ್. ಅಜರಯ್ಯನವರ ಬದುಕು ಹಿಡಿದು ಹೋದರೆ ಸ್ವಲ್ಪ ಬಿಡಿಸಿಕೊಳ್ಳುತ್ತದೆ.

ಅವರು ಹುಟ್ಟಿದ್ದು 1874ರಲ್ಲಿ, ತಿರುನೆಲ್ವೇಲಿ ಕಡೆಯ ವೆಳ್ಳಾಳನ್‌ವಿಳೈನಲ್ಲಿ. ಅಪ್ಪ ಹಳ್ಳಿ ಪಾದ್ರಿ. ಕ್ರೈಸ್ತ ಯುವಕರ ಸಂಘವಾದ ವೈಎಂಸಿಎಯಲ್ಲಿ ಹದಿನಾಲ್ಕು ವರ್ಷ ದುಡಿದು, 1909ರಲ್ಲಿ ನಿಜಾಮರ ಸೀಮೆಯ (ಈಗಿನ ತೆಲಂಗಾಣದ) ದೋರ್ನಕಲ್‌ಗೆ ಹೋದರು. ಮರುವರ್ಷ ಎಡಿನ್‌ಬರೋದ ಮಿಷನರಿ ಸಮ್ಮೇಳನದಲ್ಲಿ ಎದ್ದು ನಿಂತು ಅವರು ಕೇಳಿದ್ದು ಹಣವನ್ನಲ್ಲ, ಸ್ನೇಹವನ್ನು. ಬಡವರಿಗೆ ಆಸ್ತಿ ಕೊಟ್ಟಿದ್ದೀರಿ, ಪ್ರಾಣವನ್ನೂ ಕೊಟ್ಟಿದ್ದೀರಿ, ಈಗ ಗೆಳೆಯರನ್ನು ಕೊಡಿ ಎಂದರು. ಸಭೆಯಲ್ಲಿದ್ದ ಹಲವರಿಗೆ ಅದು ಇರಿಸುಮುರಿಸಾಯಿತು.

1912ರ ಡಿಸೆಂಬರ್ 29ರಂದು ಕಲ್ಕತ್ತಾದಲ್ಲಿ ಅವರಿಗೆ ಬಿಷಪ್ ದೀಕ್ಷೆಯಾಯಿತು, ಅಂದರೆ ಒಂದು ಪ್ರದೇಶದ ಚರ್ಚುಗಳ, ಪಾದ್ರಿಗಳ ಮುಖ್ಯಸ್ಥರಾದರು. ಆ ಪಟ್ಟಕ್ಕೇರಿದ ಮೊದಲ ಭಾರತೀಯ ಆಂಗ್ಲಿಕನ್ (ಇಂಗ್ಲೆಂಡಿನ ಚರ್ಚಿನ ಪಂಗಡದವರು) ಅವರು. ಬಿಳಿಯ ಪಾದ್ರಿಗಳು ಇವರ ಮಾತು ಕೇಳುತ್ತಾರಾ ಅನ್ನೋ ಅನುಮಾನ ಜಾಸ್ತಿಯೇ ಇತ್ತು. ಅವರು ಸುಮ್ನೆ ಹಳ್ಳಿ ದಾರಿ ಹಿಡಿದರು. ದೀಕ್ಷಾಸ್ನಾನ ಪಡೆದ ಮಾಲ, ಮಾದಿಗ ಕೇರಿಯ ಜನರನ್ನು ಸೇರಿಸಿ, ತಲೆಯ ಮೇಲೆ ಕೈ ಇಟ್ಟುಕೊಳ್ಳಿ ಅನ್ನುತ್ತಿದ್ದರು. ನಾನು ದೀಕ್ಷಾಸ್ನಾನ ಪಡೆದ ಕ್ರೈಸ್ತ, ಸುವಾರ್ತೆ (ಯೇಸುವಿನ ಸಂದೇಶ) ಸಾರದಿದ್ದರೆ ನನ್ನ ಗತಿಯೇನು ಎಂದು ಎಲ್ಲರೂ ಅವರ ಹಿಂದೆ ಹೇಳಬೇಕಿತ್ತು. ಅಕ್ಷರ ಬಾರದವರನ್ನೂ ಅವರು ಬರೀ ಕೇಳುಗರಾಗಿ ನೋಡಲಿಲ್ಲ. ಹೊಲಸು, ರೋಗ, ಸಾಲ, ಕುಡಿತಗಳ ವಿರುದ್ಧವೂ ಅಷ್ಟೇ ಬಿಡದೆ ಮಾತಾಡಿದರು. ಅವರು ಕಟ್ಟಿಸಿದ, ಬಿಷಪ್ಪರ ಮುಖ್ಯ ಚರ್ಚಾದ ದೋರ್ನಕಲ್ ಕೆಥೆಡ್ರಲ್‌ನಲ್ಲಿ ದೇವಸ್ಥಾನದ ಕಂಬಗಳ ಛಾಯೆಯೂ ಇದೆ, ಮಸೀದಿಯ ಗುಮ್ಮಟಗಳೂ ಇವೆ.

ಇನ್ನು ಒಂದಾಗುವ ಮಾತು. 1919ರಲ್ಲಿ ತಮಿಳುನಾಡಿನ ತರಂಗಂಬಾಡಿಯಲ್ಲಿ 33 ಮಂದಿ ಕೂತು ಅದಕ್ಕೆ ಚಾಲನೆ ಕೊಟ್ಟರು, ಬಹುಪಾಲು ಭಾರತೀಯರೇ. ಅಜರಯ್ಯ ಅವರಲ್ಲಿ ಮುಂದಾಳು. ದೊಡ್ಡ ತೊಡಕು ಒಂದಿತ್ತು: ಬಿಷಪ್ ಕೈಯಿಂದ ದೀಕ್ಷೆ ಪಡೆಯದ ಪಾದ್ರಿ ಪ್ರಭು ಭೋಜನ (ರೊಟ್ಟಿ, ದ್ರಾಕ್ಷಾರಸ ಹಂಚುವ ಆರಾಧನೆ) ನಡೆಸಬಹುದಾ? ಆಂಗ್ಲಿಕನ್ನರಿಗೆ ಅದು ಬಿಡಲಾಗದ ನಿಯಮ. ವೆಸ್ಲಿಯನ್ನರಂಥ ಉಳಿದವರಿಗೆ, ಹಾಗಾದರೆ ನಮ್ಮ ಪಾದ್ರಿಗಳು ಪಾದ್ರಿಗಳೇ ಅಲ್ವಾ ಅನ್ನೋ ನೋವು. ಎರಡೂ ಕಡೆ ಪ್ರಾಮಾಣಿಕರೇ ಇದ್ದರು. ಆದರೆ ಹಳ್ಳಿಯ ವಿಶ್ವಾಸಿಗೆ ಈ ವಾದದಿಂದ ಏನೂ ಸಿಗಲಿಲ್ಲ. ಐಕ್ಯ ಯುರೋಪಿಗೆ ಒಂದು ಆದರ್ಶವಿರಬಹುದು, ನಮಗೆ ಅದು ಬದುಕಿನ ಪ್ರಶ್ನೆ ಎಂಬ ಅರ್ಥದ ಮಾತನ್ನು ಅಜರಯ್ಯ 1927ರಲ್ಲಿ ಸ್ವಿಟ್ಜರ್ಲೆಂಡಿನ ಲೋಸಾನ್‌ನಲ್ಲಿ ಹೇಳಿದ್ದರು. ಕೊನೆಗೆ, ಈಗಿರುವ ಪಾದ್ರಿಗಳನ್ನು ಹಾಗೇ ಒಪ್ಪೋಣ, ಮುಂದಿನವರಿಗೆ ಬಿಷಪ್ಪರೇ ದೀಕ್ಷೆ ಕೊಡಲಿ ಎಂದು ರಾಜಿಯಾಯಿತು. ಅಷ್ಟಕ್ಕೆ ಇಪ್ಪತ್ತೆಂಟು ವರ್ಷ ಹಿಡಿಯಿತು.

1945ರ ಜನವರಿ 1ರಂದು ಅಜರಯ್ಯ ತೀರಿಕೊಂಡರು. ಅಲ್ಲಿಯವರೆಗೂ ಸ್ವಂತ ಡಯಾಸಿಸ್ (ಬಿಷಪ್ಪರ ಆಡಳಿತ ಪ್ರದೇಶ) ಇದ್ದ ಭಾರತೀಯ ಆಂಗ್ಲಿಕನ್ ಬಿಷಪ್ ಅವರೊಬ್ಬರೇ. ಎರಡೂಮುಕ್ಕಾಲು ವರ್ಷದ ಮೇಲೆ, 1947ರ ಸೆಪ್ಟೆಂಬರ್ 27ರಂದು, ಮದ್ರಾಸಿನ ಸೇಂಟ್ ಜಾರ್ಜ್ ಕೆಥೆಡ್ರಲ್‌ನಲ್ಲಿ ಸಿಎಸ್‌ಐ ಹುಟ್ಟಿತು.