ನಿಧಾನ ವೇಗದಲ್ಲಿ ಮಾತ್ರ ಎಂಜಿನ್ ಮಿಸ್ ಹೊಡೆಯುವುದೇಕೆ?

ಪ್ರಶ್ನೆ: ನನ್ನ ಹಳೆಯ ಪೆಟ್ರೋಲ್ ಕಾರು ಐಡ್ಲಿಂಗ್‌ನಲ್ಲಿ ನಡುಗುತ್ತದೆ, ಮಿಸ್ ಹೊಡೆಯುತ್ತದೆ. 2,000 ಆರ್‌ಪಿಎಂ ದಾಟಿದರೆ ಸರಾಗವಾಗಿ ಓಡುತ್ತದೆ. ಸ್ಪಾರ್ಕ್ ಪ್ಲಗ್‌ಗಳನ್ನೂ ವೈರ್‌ಗಳನ್ನೂ ಬದಲಾಯಿಸಿದರೂ ತೊಂದರೆ ಹೋಗಿಲ್ಲ. ಇನ್ನೇನು ನೋಡಬೇಕು?

ಉತ್ತರ: ಮೊದಲು ಒಂದು ವಿಷಯವನ್ನು ಖಚಿತಪಡಿಸಿಕೊಳ್ಳಿ. ಎಂಜಿನ್ ಮಿಸ್ ಹೊಡೆಯುವುದು ಕಾರು ನಿಂತಿರುವಾಗಲೋ ಅಥವಾ ಕಡಿಮೆ ವೇಗದಲ್ಲಿ ಟಾಪ್ ಗೇರ್ ಹಾಕಿ ಆಕ್ಸಿಲರೇಟರ್ ಒತ್ತಿದಾಗಲೋ? ಸಿಲಿಂಡರಿನೊಳಗೆ ಒತ್ತಡ ಹೆಚ್ಚಿದಷ್ಟೂ ಕಿಡಿ ಹಾರಲು ಹೆಚ್ಚು ವೋಲ್ಟೇಜ್ ಬೇಕಾಗುವುದರಿಂದ, ದುರ್ಬಲಗೊಂಡ ಕಾಯಿಲ್ (ಕಿಡಿಗೆ ಬೇಕಾದ ವೋಲ್ಟೇಜ್ ಕೊಡುವ ಭಾಗ) ಅಥವಾ ಬಿರುಕುಬಿಟ್ಟ ಡಿಸ್ಟ್ರಿಬ್ಯೂಟರ್ ಕ್ಯಾಪ್ (ಅದನ್ನು ಪ್ಲಗ್‌ಗಳಿಗೆ ಹಂಚುವ ಭಾಗದ ಮುಚ್ಚಳ) ಸಾಮಾನ್ಯವಾಗಿ ಎಂಜಿನ್ ಭಾರ ಎಳೆಯುವಾಗಲೇ ಸಿಕ್ಕಿಬೀಳುತ್ತದೆ. ಐಡ್ಲಿಂಗ್‌ನಲ್ಲಿ ಆ ಒತ್ತಡ ಕಡಿಮೆ. ನಿಂತಲ್ಲಿ ಮಾತ್ರ ನಡುಗಿ, ಎಳೆಯುವಾಗ ಸರಿಯಾಗಿರುವ ಎಂಜಿನ್ನಿನಲ್ಲಿ ಗಾಳಿಯ ಸೋರಿಕೆಯನ್ನೂ ಕಂಪ್ರೆಷನ್ನನ್ನೂ (ಸಿಲಿಂಡರಿನಲ್ಲಿ ಅದುಮಿದ ಗಾಳಿಯ ಒತ್ತಡ) ನೋಡದೆ ಇಗ್ನಿಷನ್ (ಕಿಡಿ ಹಾರಿಸುವ) ಭಾಗಗಳಿಗೆ ಇನ್ನಷ್ಟು ಹಣ ಸುರಿಯುವುದು ಸರಿಯಲ್ಲ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ಮುಂದಿನ ಹೆಜ್ಜೆ, ತೊಂದರೆ ಯಾವ ಸಿಲಿಂಡರಿನಲ್ಲಿದೆ ಎಂದು ಹುಡುಕುವುದು. ಇಂಜೆಕ್ಷನ್ ಎಂಜಿನ್ ಆದರೆ ಐಡ್ಲಿಂಗ್‌ನಲ್ಲಿ ಒಂದೊಂದೇ ಇಂಜೆಕ್ಟರ್‌ನ ಕನೆಕ್ಟರ್ ಕಳಚಿ ನೋಡಿ. ಕಾರ್ಬ್ಯುರೇಟರ್ ಎಂಜಿನ್ ಆದರೆ ಪ್ಲಗ್ ವೈರನ್ನು ಇನ್ಸುಲೇಟೆಡ್ ಇಕ್ಕಳದಿಂದ ತೆಗೆದು, ತುದಿಯನ್ನು ಅರ್ಥ್‌ಗೆ ತಾಗಿಸಿ ಇಡಬೇಕು. ಕ್ಯಾಟಲಿಟಿಕ್ ಕನ್ವರ್ಟರ್ ಇರುವ ಕಾರಿನಲ್ಲಿ ಉರಿಯದ ಪೆಟ್ರೋಲ್ ಅದನ್ನು ಸುಟ್ಟುಬಿಡುವುದರಿಂದ ಈ ಪರೀಕ್ಷೆಯನ್ನು ಕೆಲವೇ ಸೆಕೆಂಡುಗಳಲ್ಲಿ ಮುಗಿಸಬೇಕು. ಯಾವುದನ್ನು ಕಳಚಿದಾಗ ಎಂಜಿನ್ನಿನ ಸದ್ದು ಬದಲಾಗುವುದಿಲ್ಲವೋ ಆ ಸಿಲಿಂಡರ್ ಕೆಲಸ ಮಾಡುತ್ತಿಲ್ಲ. ಎಲ್ಲವೂ ಸಮನಾಗಿ ಪ್ರತಿಕ್ರಿಯಿಸಿದರೆ ದೋಷ ಇಡೀ ಎಂಜಿನ್ನಿಗೆ ಹೋಗುವ ಗಾಳಿ-ಪೆಟ್ರೋಲ್ ಮಿಶ್ರಣದಲ್ಲಿದೆ.

ಮಿಶ್ರಣ ಕೆಡಲು ಹಳೆಯ ಕಾರುಗಳಲ್ಲಿ ಬಹಳ ಸಾಮಾನ್ಯವಾದ ಕಾರಣ ವ್ಯಾಕ್ಯೂಮ್ ಲೀಕ್. ಐಡ್ಲಿಂಗ್‌ನಲ್ಲಿ ಥ್ರಾಟಲ್ ಬಹುತೇಕ ಮುಚ್ಚಿರುವುದರಿಂದ ಇನ್‌ಟೇಕ್ ಮ್ಯಾನಿಫೋಲ್ಡಿನ ಸೆಳೆತ ಜೋರಾಗಿರುತ್ತದೆ, ಒಳಹೋಗುವ ಒಟ್ಟು ಗಾಳಿಯೋ ಬಹಳ ಕಡಿಮೆ. ಆದ್ದರಿಂದ ಸಣ್ಣದೊಂದು ಬಿರುಕಿನಿಂದ ನುಸುಳಿದ ಗಾಳಿಯೂ ಮಿಶ್ರಣವನ್ನು ಉರಿಯದಷ್ಟು ತೆಳುವಾಗಿಸಬಲ್ಲದು. 3,000 ಆರ್‌ಪಿಎಂನಲ್ಲಿ ಅದೇ ಸೋರಿಕೆ ಒಟ್ಟು ಗಾಳಿಯ ಮುಂದೆ ಲೆಕ್ಕಕ್ಕೇ ಬರುವುದಿಲ್ಲ. ನಿಮ್ಮ ಕಾರಿನ ಲಕ್ಷಣ ಇದಕ್ಕೆ ಚೆನ್ನಾಗಿ ಹೊಂದುತ್ತದೆ. ಬ್ರೇಕ್ ಬೂಸ್ಟರ್ ಪೈಪು, ಪಿಸಿವಿ ಪೈಪು (ಎಂಜಿನ್ ಒಡಲಿನ ಅನಿಲವನ್ನು ಇನ್‌ಟೇಕ್‌ಗೆ ಮರಳಿಸುವ ಪೈಪು), ಮ್ಯಾನಿಫೋಲ್ಡ್ ಗ್ಯಾಸ್ಕೆಟ್ ಇವನ್ನೆಲ್ಲ ಮೇಲಿನಿಂದ ಕಣ್ಣಾಡಿಸಿದರೆ ಸಾಲದು, ಏಕೆಂದರೆ ರಬ್ಬರ್ ಪೈಪಿನ ತಿರುವಿನ ಕೆಳಮೈಯಲ್ಲಿರುವ ಬಿರುಕು ಪೈಪನ್ನು ಬೆರಳಿನಿಂದ ಬಗ್ಗಿಸಿದಾಗ ಮಾತ್ರ ಬಾಯಿ ತೆರೆಯುತ್ತದೆ. ಪೈಪುಗಳನ್ನು ಒಂದೊಂದಾಗಿ ಅದುಮಿ ಹಿಡಿದು ಐಡ್ಲಿಂಗ್ ಸುಧಾರಿಸುತ್ತದೆಯೇ ಎಂದು ಆಲಿಸಿ. ಬಿಸಿ ಎಂಜಿನ್ನಿನ ಮೇಲೆ ಕಾರ್ಬ್ ಕ್ಲೀನರ್ ಸಿಂಪಡಿಸಿ ಹುಡುಕುವ ರೂಢಿ ಇದೆ, ಆದರೆ ಬೆಂಕಿಯ ಅಪಾಯವಿರುವುದರಿಂದ ಸ್ಮೋಕ್ ಟೆಸ್ಟ್ (ಒಳಗೆ ಹೊಗೆ ತುಂಬಿಸಿ ಅದು ಎಲ್ಲಿ ಹೊರಬರುತ್ತದೆಂದು ನೋಡುವ ಪರೀಕ್ಷೆ) ಮಾಡಿಸುವುದೇ ಕ್ಷೇಮ. ಸ್ಕ್ಯಾನರ್ ಜೋಡಿಸಬಹುದಾದ ಕಾರಾದರೆ ಫ್ಯೂಯಲ್ ಟ್ರಿಮ್ (ಕಾರಿನ ಕಂಪ್ಯೂಟರ್ ಪೆಟ್ರೋಲನ್ನು ಎಷ್ಟು ಹೆಚ್ಚು-ಕಡಿಮೆ ಮಾಡುತ್ತಿದೆ ಎಂಬ ಅಂಕಿ) ಓದಿ: ಐಡ್ಲಿಂಗ್‌ನಲ್ಲಿ ಶೇ. 20ರಷ್ಟು ಮೇಲಿದ್ದು 2,500 ಆರ್‌ಪಿಎಂನಲ್ಲಿ ಸೊನ್ನೆಯ ಹತ್ತಿರಕ್ಕೆ ಇಳಿದರೆ ಸೋರಿಕೆಯ ಅನುಮಾನ ಬಲವಾಗುತ್ತದೆ.

ಸೋರಿಕೆ ಸಿಗದಿದ್ದರೆ ಕಾರ್ಬ್ಯುರೇಟರಿನ ಐಡಲ್ ಜೆಟ್ ಕಟ್ಟಿಕೊಂಡಿದೆಯೇ, ಇಜಿಆರ್ ವಾಲ್ವ್ (ಎಕ್ಸಾಸ್ಟ್ ಹೊಗೆಯ ಒಂದು ಪಾಲನ್ನು ಮತ್ತೆ ಎಂಜಿನ್ನಿಗೆ ಬಿಡುವ ಕವಾಟ) ಮಸಿ ಹಿಡಿದು ತೆರೆದೇ ಉಳಿದಿದೆಯೇ ಎಂದು ಪರೀಕ್ಷಿಸಿ.

ಒಂದೇ ಸಿಲಿಂಡರ್ ಸತ್ತಿದ್ದರೆ, ಅದರ ಪ್ಲಗ್ಗನ್ನು ಪಕ್ಕದ ಸಿಲಿಂಡರಿಗೆ ಹಾಕಿ ನೋಡಿ. ದೋಷ ಪ್ಲಗ್ ಜೊತೆ ಹೋಗದಿದ್ದರೆ ಕಂಪ್ರೆಷನ್ ಅಳೆಯಲೇಬೇಕು. ಎಂಜಿನ್ ಬಿಸಿಯಾಗಿರಲಿ, ಎಲ್ಲ ಪ್ಲಗ್‌ಗಳೂ ಹೊರಗಿರಲಿ, ಇಗ್ನಿಷನ್ ಮತ್ತು ಪೆಟ್ರೋಲ್ ಪೂರೈಕೆ ಕಡಿತವಾಗಿರಲಿ, ಥ್ರಾಟಲ್ ಪೂರ್ತಿ ತೆರೆದಿರಲಿ. ಸರಿಯಾಗಿ ಕೂರದ ವಾಲ್ವ್ ನಿಧಾನ ವೇಗದಲ್ಲಿ ಹೆಚ್ಚು ಕಾಡುತ್ತದೆ, ಏಕೆಂದರೆ ಪ್ರತಿ ಸುತ್ತಿನಲ್ಲೂ ಸೋರಲು ಹೆಚ್ಚು ಸಮಯ ಸಿಗುತ್ತದೆ. ಟ್ಯಾಪೆಟ್ ಸದ್ದು ಮಾಡದ ಎಂಜಿನ್ನೇ ಒಳ್ಳೆಯದೆಂಬ ನಂಬಿಕೆ ಇಲ್ಲಿ ದಾರಿ ತಪ್ಪಿಸುತ್ತದೆ: ವಾಲ್ವ್ ಸೀಟ್ ಸವೆದಂತೆ ಟ್ಯಾಪೆಟ್ ಗ್ಯಾಪ್ (ವಾಲ್ವ್ ಮತ್ತು ಅದನ್ನು ಒತ್ತುವ ಭಾಗದ ನಡುವಿನ ಸಂದು) ಕಡಿಮೆಯಾಗಿ ಸದ್ದು ಅಡಗುತ್ತದೆ, ಕೊನೆಗೆ ಎಕ್ಸಾಸ್ಟ್ ವಾಲ್ವ್ ಪೂರ್ತಿ ಮುಚ್ಚದೆ ಅದರ ಅಂಚು ಸುಡಲಾರಂಭಿಸುತ್ತದೆ. ಆದ್ದರಿಂದ ಕಂಪ್ರೆಷನ್ ಕಡಿಮೆ ಬಂದ ಕೂಡಲೇ ಹೆಡ್ ಬಿಚ್ಚಿಸಬೇಡಿ. ಗ್ಯಾಪ್ ಹೊಂದಿಸುವ ವ್ಯವಸ್ಥೆ ಇರುವ ಎಂಜಿನ್ನಿನಲ್ಲಿ ಅದನ್ನು ತಯಾರಕರು ಹೇಳಿದ ಅಳತೆಗೆ ತಂದು ಮತ್ತೊಮ್ಮೆ ಅಳೆಯಿರಿ. ಆಗಲೂ ಕಡಿಮೆಯಿದ್ದರೆ ಆ ಸಿಲಿಂಡರಿಗೆ ಗಾಳಿ ತುಂಬಿಸಿ ಲೀಕ್‌ಡೌನ್ ಪರೀಕ್ಷೆ ಮಾಡಿಸಿ. ಬುಸ್ಸೆನ್ನುವ ಸದ್ದು ಸೈಲೆನ್ಸರಿನಲ್ಲಿ ಕೇಳಿದರೆ ಎಕ್ಸಾಸ್ಟ್ ವಾಲ್ವ್, ಥ್ರಾಟಲ್ ಬಾಯಲ್ಲಿ ಕೇಳಿದರೆ ಇನ್‌ಟೇಕ್ ವಾಲ್ವ್, ಆಯಿಲ್ ಹಾಕುವ ಬಾಯಲ್ಲಿ ಜೋರಾಗಿ ಕೇಳಿದರೆ ಪಿಸ್ಟನ್ ರಿಂಗ್‌ಗಳು ಸೋರುತ್ತಿವೆ.